ಕ್ಲಿಪ್ಸ್‌ನಲ್ಲಿ ಮೂರರವರೆಗೆ ಎಣಿಸಲು ಕಲಿತದ್ದು

ಕೆಲಸ ಕೇಳೋಕೆ ಸುಲಭವಾಗಿತ್ತು. ಒಂದೊಂದು ಯಂತ್ರಕ್ಕೂ ಎಂಟು ಸೆನ್ಸರ್. ಅದರಲ್ಲಿ ಮೂರೋ ಅದಕ್ಕಿಂತ ಜಾಸ್ತಿಯೋ 'ಬಿಸಿ ಏರಿದೆ' ಎಂದರೆ ಆ ಯಂತ್ರ ನಿಲ್ಲಬೇಕು. ಮಾಮೂಲಿ ಪ್ರೋಗ್ರಾಮ್ ಆಗಿದ್ದರೆ ಒಂದು ಲೂಪ್, ಒಂದು ವೇರಿಯಬಲ್, ಮುಗೀತು. ನಾನು ಬರೆಯುತ್ತಿದ್ದದ್ದು ಕ್ಲಿಪ್ಸ್‌ನಲ್ಲಿ. 1985ರಲ್ಲಿ ನಾಸಾದ ಜಾನ್ಸನ್ ಸ್ಪೇಸ್ ಸೆಂಟರ್‌ನಲ್ಲಿ ಶುರುವಾದ ರೂಲ್ ಎಂಜಿನ್ ಅದು, ಅಂದರೆ 'ಹೀಗಿದ್ದರೆ ಹೀಗೆ ಮಾಡು' ಅನ್ನುವ ರೂಲ್‌ಗಳನ್ನು ಓಡಿಸುವ ಪ್ರೋಗ್ರಾಮ್. ಇವತ್ತಿಗೂ ಗಟ್ಟಿಮುಟ್ಟಾಗಿದೆ. ರೂಲಿನ ಎಡಗಡೆ ಷರತ್ತು, ಬಲಗಡೆ ಮಾಡಬೇಕಾದ ಕೆಲಸ. ಆದರೆ ಡ್ರೂಲ್ಸ್ ಎಂಬ ಇನ್ನೊಂದು ರೂಲ್ ಎಂಜಿನ್‌ನಲ್ಲಿರುವಂತೆ ರೂಲಿನ ಷರತ್ತಿನೊಳಗೇ ಎಣಿಸಿಕೊಡುವ 'ಅಕ್ಯುಮುಲೇಟ್' ಇದರಲ್ಲಿಲ್ಲ. ನಾವೇ ಎಣಿಸಿಕೊಳ್ಳಬೇಕು.

ಮೊದಲು 'ಎಣಿಕೆ 0' ಅಂತ ಒಂದು ಫ್ಯಾಕ್ಟ್ (ಎಂಜಿನ್ ನೆನಪಿಟ್ಟುಕೊಳ್ಳುವ ಒಂದು ಮಾಹಿತಿ) ಇಟ್ಟೆ. ಎಚ್ಚರಿಕೆ ಸಿಕ್ಕಾಗಲೆಲ್ಲ ಅದನ್ನು ಮಾಡಿಫೈ ಮಾಡಿ ಒಂದು ಕೂಡಿಸುವ ರೂಲ್ ಬರೆದೆ. ಇದ್ದದ್ದು ನಾಲ್ಕೇ ಎಚ್ಚರಿಕೆ. ರನ್ ಕೊಟ್ಟರೆ ಪರದೆ ಮೇಲೆ 5, 6, 7 ಅಂತ ಎಣಿಕೆ ಓಡುತ್ತಲೇ ಹೋಯಿತು. ಕಂಟ್ರೋಲ್-ಸಿ ಒತ್ತಿದ ಮೇಲೇ ನಿಂತದ್ದು. ಒಂದೇ ಫ್ಯಾಕ್ಟ್ ಜೋಡಿಗೆ ರೂಲ್ ಎರಡನೇ ಸಲ ಓಡುವುದಿಲ್ಲ, ಅದು ನಿಜ. ಆದರೆ ಮಾಡಿಫೈ ಅಂದ್ರೆ ಎಂಜಿನ್ ಮಟ್ಟಿಗೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿದ ಹಾಗೆ. ಎಣಿಕೆ ಬದಲಾದ ಕೂಡಲೇ ಹಳೇ ಎಚ್ಚರಿಕೆಯೂ ಅದರ ಜೊತೆ ಸೇರಿ ಹೊಸ ಜೋಡಿಯಾಗುತ್ತದೆ.

ಎಣಿಸುವುದೇ ಬೇಡ ಅಂತ, ರೂಲಿನ ಎಡಗಡೆ ಮೂರು ಎಚ್ಚರಿಕೆಗಳನ್ನು ಬರೆದು, ಮೂರೂ ಬೇರೆ ಬೇರೆ ಸೆನ್ಸರ್ ಇರಲಿ ಎಂದೆ. ಐದು ಎಚ್ಚರಿಕೆ ಇದ್ದಾಗ ಅದು 60 ಸಲ ಓಡಿತು. ಐದರಲ್ಲಿ ಮೂರನ್ನು ಹಿಂದುಮುಂದು ಮಾಡಿ ಜೋಡಿಸಿದರೆ ಅಷ್ಟಾಗುತ್ತದೆ, ಅಲ್ವಾ? ಸೆನ್ಸರ್ ನಂಬರ್ ಏರಿಕೆ ಕ್ರಮದಲ್ಲೇ ಇರಬೇಕು ಅಂದ ಮೇಲೆ 10ಕ್ಕೆ ಇಳಿಯಿತು. 'ಈ ಯಂತ್ರಕ್ಕೆ ನಿಲುಗಡೆ ಇನ್ನೂ ಬಂದಿಲ್ಲ' ಅಂತ ಒಂದು ನಾಟ್ ಷರತ್ತು ಸೇರಿಸಿದರೆ ಒಂದೇ ಸಲ. ಎರಡು ಮೂರರ ಲೆಕ್ಕಕ್ಕೆ ಈ ಉಪಾಯ ಸಾಕು, ನಾನು ಈಗಲೂ ಬಳಸುತ್ತೇನೆ. ಆದರೆ ಮಿತಿಯನ್ನು ಯಂತ್ರಕ್ಕೊಂದರಂತೆ ಬದಲಾಯಿಸಬೇಕು ಅಂದಾಗ ಕೈಕೊಟ್ಟಿತು.

ಮೂರನೆಯದೇ ನನ್ನನ್ನು ಜಾಸ್ತಿ ಸತಾಯಿಸಿದ್ದು. ಯಂತ್ರದ ಹೆಸರು ಕೊಟ್ಟರೆ, ಬೇಕಾದ ಫ್ಯಾಕ್ಟ್‌ಗಳನ್ನೆಲ್ಲ ಹುಡುಕಿಕೊಡುವ ಫೈಂಡ್-ಆಲ್-ಫ್ಯಾಕ್ಟ್ಸ್ ಬಳಸಿ ಅದರ ಎಚ್ಚರಿಕೆಗಳೆಷ್ಟು ಅಂತ ಹೇಳುವ ಪುಟ್ಟ ಫಂಕ್ಷನ್ ಬರೆದೆ. ಎಡಗಡೆ ಯಂತ್ರದ ಫ್ಯಾಕ್ಟ್, ಅದರ ಕೆಳಗೆ 'ಟೆಸ್ಟ್' ಅನ್ನುವ ಷರತ್ತಿನಲ್ಲಿ ಈ ಫಂಕ್ಷನ್. ಓದೋಕೆ ಎಷ್ಟು ಚೆಂದ! ಪರೀಕ್ಷೆಯೂ ಪಾಸಾಯಿತು. ನಿಜವಾದ ಡೇಟಾ ಬಂದಾಗ ಮಾತ್ರ ಐದು ಸೆನ್ಸರ್ ಕೂಗಿದರೂ ರೂಲ್ ಗಪ್‌ಚುಪ್. ಎರರ್ ಕೂಡ ಇಲ್ಲ. ಕ್ಲಿಪ್ಸ್ ಫ್ಯಾಕ್ಟ್‌ಗಳನ್ನೂ ರೂಲ್‌ಗಳನ್ನೂ 'ರೀಟ್' ಅನ್ನುವ ಕ್ರಮದಲ್ಲಿ ಹೋಲಿಸುತ್ತದೆ. ಎಡಗಡೆ ಹೆಸರಿಸಿದ ಫ್ಯಾಕ್ಟ್ ಬದಲಾದರೆ ಮಾತ್ರ ಆ ಟೆಸ್ಟನ್ನು ಮತ್ತೆ ನೋಡುತ್ತದೆ. ನನ್ನ ರೂಲಿನ ಎಡಗಡೆ ಇದ್ದದ್ದು ಯಂತ್ರ ಒಂದೇ. ಫಂಕ್ಷನ್ ಒಳಗೊಳಗೇ ಎಚ್ಚರಿಕೆಗಳನ್ನು ನೋಡುತ್ತದೆ ಅನ್ನೋದು ಎಂಜಿನ್‌ಗೆ ಹೇಗೆ ಗೊತ್ತಾಗಬೇಕು? ರೀಸೆಟ್ ಆದಾಗ, ಅಂದರೆ ಶುರುವಿನ ಫ್ಯಾಕ್ಟ್‌ಗಳು ಸೇರುವಾಗ, ಯಂತ್ರ ಬಂತು, ಎಚ್ಚರಿಕೆ ಸೊನ್ನೆ, ಟೆಸ್ಟ್ ಸುಳ್ಳು, ಕಥೆ ಅಲ್ಲಿಗೇ ಮುಗೀತು. ಪರೀಕ್ಷೆಯ ಫೈಲಿನಲ್ಲಿ ನಾನು ಸುಮ್ನೆ ಎಚ್ಚರಿಕೆಗಳನ್ನು ಮೊದಲು, ಯಂತ್ರವನ್ನು ಆಮೇಲೆ ಬರೆದಿದ್ದೆ. ಅದಕ್ಕೇ ಪಾಸಾಗಿತ್ತು.

ಕೊನೆಗೆ ಎಣಿಕೆಯನ್ನು ಬಲಗಡೆಗೆ ತಂದೆ. ಎಚ್ಚರಿಕೆ ಬಂದರೆ ಒಂದು ರೂಲ್ 'ಈ ಯಂತ್ರವನ್ನು ಎಣಿಸು' ಅಂತ ಒಂದು ಚೀಟಿ-ಫ್ಯಾಕ್ಟ್ ಹಾಕುತ್ತದೆ. ಎಚ್ಚರಿಕೆಯನ್ನು ತೆಗೆಯುವ ರೂಲ್ ಕೂಡ ಅದೇ ಚೀಟಿ ಹಾಕುತ್ತದೆ. ಎಣಿಸುವ ರೂಲಿನ ಎಡಗಡೆ ಚೀಟಿ ಮತ್ತು ಯಂತ್ರ, ಸೇಲಿಯನ್ಸ್ (ರೂಲಿನ ಆದ್ಯತೆ) -10. ಹಾಗಾಗಿ ಉಳಿದ ರೂಲ್‌ಗಳೆಲ್ಲ ಮುಗಿದ ಮೇಲೆ ಇದರ ಸರದಿ. ಅದು ಮೊದಲು ಚೀಟಿ ಹರಿದು, ಆಮೇಲೆ ಎಣಿಸಿ, ಯಂತ್ರದ ಮಿತಿ ಮುಟ್ಟಿದ್ದರೆ ನಿಲುಗಡೆ ಹಾಕುತ್ತದೆ, ಇಲ್ಲದಿದ್ದರೆ ಹಳೇ ನಿಲುಗಡೆ ತೆಗೆಯುತ್ತದೆ. ನನಗೆ ಖುಷಿ ಕೊಟ್ಟದ್ದು ಇನ್ನೊಂದು. ಒಂದೇ ಥರದ ಎರಡು ಫ್ಯಾಕ್ಟ್‌ಗಳನ್ನು ಕ್ಲಿಪ್ಸ್ ತಾನಾಗಿ ಇಟ್ಟುಕೊಳ್ಳುವುದಿಲ್ಲ. ಐದು ಎಚ್ಚರಿಕೆ ಒಟ್ಟಿಗೆ ಬಂದು ಐದು ಚೀಟಿ ಹಾಕಿದರೂ ಉಳಿಯುವುದು ಒಂದೇ, ಎಣಿಕೆಯೂ ಒಂದೇ ಸಲ. ಫೈಂಡ್-ಆಲ್-ಫ್ಯಾಕ್ಟ್ಸ್ ಪ್ರತಿ ಸಲ ಆ ಟೆಂಪ್ಲೇಟಿನ (ಒಂದು ಬಗೆಯ ಫ್ಯಾಕ್ಟ್‌ಗಳ ಅಚ್ಚು) ಎಲ್ಲ ಫ್ಯಾಕ್ಟ್‌ಗಳನ್ನೂ ತಡಕುವುದರಿಂದ ಈ ಉಳಿತಾಯ ಸಣ್ಣದಲ್ಲ.

ಅದೇ ಗುಣ ಇನ್ನೊಂದು ಕಡೆಯೂ ಕೆಲಸಕ್ಕೆ ಬಂತು. ಒಮ್ಮೆ ಕೆಟ್ಟ ಸೆನ್ಸರ್ ಒಂದೇ ಮೂರು ಸಲ ಕೂಗಿ ಯಂತ್ರ ನಿಂತುಬಿಟ್ಟಿತ್ತು. ಎಚ್ಚರಿಕೆಯಲ್ಲಿ ಸಮಯ ಬರೆಯುವ ಸ್ಲಾಟ್ (ಖಾನೆ) ಇದ್ದದ್ದರಿಂದ ಮೂರೂ ಬೇರೆ ಬೇರೆ ಫ್ಯಾಕ್ಟ್ ಆಗಿದ್ದವು. ನಾನು ಎಣಿಸಬೇಕಿದ್ದದ್ದು ಸೆನ್ಸರ್‌ಗಳನ್ನು, ಎಣಿಸುತ್ತಿದ್ದದ್ದು ಕೂಗುಗಳನ್ನು. ಸಮಯದ ಸ್ಲಾಟನ್ನು ಇನ್ನೊಂದು ಟೆಂಪ್ಲೇಟಿಗೆ ಸಾಗಿಸಿದೆ. ಈಗ ಅದೇ ಸೆನ್ಸರ್ ಎಷ್ಟು ಸಲ ಕೂಗಿದರೂ ಒಂದೇ ಎಚ್ಚರಿಕೆ.