ಉರಿಬಿಸಿಲಿನ ದಿನ ಫ್ರಾನ್ಸ್‌ನ ಕಾಲುವೆಯಲ್ಲಿ ಬೋಟು: ಹೊತ್ತು, ನೆರಳು, ಎಂಜಿನ್

ಜುಲೈ, ಆಗಸ್ಟ್‌ನಲ್ಲಿ ದಕ್ಷಿಣ ಫ್ರಾನ್ಸ್‌ನ ಕನಾಲ್ ದ್ಯು ಮಿದಿ ಎಂಬ ಕಾಲುವೆಯಲ್ಲಿ ಬಾಡಿಗೆ ಬೋಟು ಹಿಡಿಯುವವರು ಮೊದಲು ಮರೆಯಬೇಕಾದದ್ದು ಬಿಸಿಲಿನ ನಮ್ಮೂರ ಲೆಕ್ಕವನ್ನು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಸೂರ್ಯನಿಗಿಂತ ಸುಮಾರು ಎರಡು ಗಂಟೆ ಮುಂದಿರುತ್ತದೆ. ಕಾಲುವೆಯ ದಡದ ಬೆಜಿಯೆ ಊರಿನಲ್ಲಿ ಸೂರ್ಯ ಅತಿ ಮೇಲೆ ಬರುವುದು ಮಧ್ಯಾಹ್ನ ಎರಡರ ಹೊತ್ತಿಗೆ, ಸೆಕೆ ತುದಿ ಮುಟ್ಟುವುದು ನಾಲ್ಕರಿಂದ ಆರರ ನಡುವೆ. ಜುಲೈನಲ್ಲಿ ಸೂರ್ಯ ಮುಳುಗುವಾಗ ಒಂಬತ್ತು ದಾಟಿರುತ್ತದೆ. ಊಟ ಮುಗಿಸಿ, ಒಂದು ನಿದ್ದೆ ತೆಗೆದು ಮೂರೂವರೆಗೆ ಹೊರಡೋಣ ಎಂದುಕೊಂಡರೆ ಉರಿಯ ಮಧ್ಯಕ್ಕೇ ಹೋಗಿ ನಿಂತಿರುತ್ತೀರಿ.

ಹಾಗಂತ ಬೆಳಿಗ್ಗೆ ಆರಕ್ಕೇ ಎಲ್ಲ ಮುಗಿಸೋಣ ಎಂದರೆ ಲಾಕ್‌ಗಳು ಬಿಡುವುದಿಲ್ಲ. ಲಾಕ್ ಎಂದರೆ ನೀರು ತುಂಬಿಸಿ, ಇಳಿಸಿ ಬೋಟನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಗೇಟಿನ ತೊಟ್ಟಿ. ಬೇಸಿಗೆಯಲ್ಲಿ ಅವು ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ತೆರೆದಿರುತ್ತವೆ, ನಡುವೆ ಊಟಕ್ಕೆ ಒಂದು ಗಂಟೆ ಬಂದ್. ಆ ವರ್ಷದ ವೇಳಾಪಟ್ಟಿ ಬೋಟು ಕೊಡುವವರ ಹತ್ತಿರವೇ ಸಿಗುತ್ತದೆ. ಜಲಮಾರ್ಗಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ವಿಎನ್‌ಎಫ್ ಹೊರಡಿಸುವ ಸೂಚನೆಗಳನ್ನೂ ನೋಡಿ, ಅವಕ್ಕೆ 'ಅವಿ ಆ ಲ ಬಾತೆಲ್ರಿ' ಎನ್ನುತ್ತಾರೆ. ನೀರು ಕಡಿಮೆಯಾದಾಗ ಲಾಕ್‌ನಲ್ಲಿ ಒಂದೇ ಬೋಟಿಗೆ ನೀರು ಬಿಡದೆ, ಇನ್ನೊಂದು ಬರುವ ತನಕ ಕಾಯಿಸುತ್ತಾರೆ. 2022ರ ಬರದಲ್ಲಿ ದೇಶದ ಹಲವು ಕಾಲುವೆಗಳ ಭಾಗಗಳನ್ನೇ ಮುಚ್ಚಿದ್ದರು.

ಹೀಗಾಗಿ ಅತಿ ಬಿಸಿಲಿನ ದಿನಕ್ಕೆ ಲಾಕ್ ಇಲ್ಲದ ದಾರಿ ಇಟ್ಟುಕೊಳ್ಳುವುದು ಜಾಣತನ. ಈ ಕಾಲುವೆಯಲ್ಲಿ ಅಂಥದ್ದೊಂದು ದೊಡ್ಡ ಹರವು ಇದೆ: ಅರ್ಜಾನ್ಸ್ ಲಾಕ್‌ನಿಂದ ಬೆಜಿಯೆ ಪಕ್ಕದ ಫೋನ್ಸೆರಾನ್‌ವರೆಗೆ 54 ಕಿ.ಮೀ., ನಡುವೆ ಒಂದೂ ಲಾಕ್ ಇಲ್ಲ. ಇದೇ ಹರವಿನಲ್ಲಿ ಲ ಸೊಮಾಯ್ ಊರಿನಿಂದ ಕಾಪೆಸ್ತಾಂಗೆ ಸುಮಾರು 22 ಕಿ.ಮೀ. ವೇಗದ ಮಿತಿ ಗಂಟೆಗೆ 8 ಕಿ.ಮೀ. ಇದ್ದರೂ ತಿರುವು, ಸೇತುವೆ, ದಡಕ್ಕೆ ಕಟ್ಟಿದ ಬೋಟುಗಳು ಎಲ್ಲ ಸೇರಿ ಸರಾಸರಿ 6 ಎಂದೇ ಲೆಕ್ಕ ಹಾಕಿ. ಏಳಕ್ಕೆ ಹೊರಟರೆ ಹನ್ನೊಂದರೊಳಗೆ ತಲುಪುತ್ತೀರಿ. ಹೊರಡುವಾಗ ಅಕ್ಕಪಕ್ಕದ ಬೋಟಿನವರು ಮಲಗಿರುತ್ತಾರೆ, ಎಂಜಿನ್ ಜೋರು ಮಾಡದೆ ಗಳು ಊರಿ ಮೆಲ್ಲಗೆ ದಡ ಬಿಡಿ.

ಲಾಕ್ ಇರುವ ದಾರಿಯಾದರೆ ಪ್ರತಿ ಲಾಕ್‌ಗೆ 15ರಿಂದ 20 ನಿಮಿಷ ಸೇರಿಸಿ. 18 ಕಿ.ಮೀ. ಮತ್ತು 5 ಲಾಕ್ ಎಂದರೆ ಹೆಚ್ಚುಕಡಿಮೆ ನಾಲ್ಕೂವರೆ ಗಂಟೆ, ಅದೂ ಸಾಲು ಇಲ್ಲದಿದ್ದರೆ. ಊಟದ ಬಿಡುವಿಗೆ ಸ್ವಲ್ಪ ಮುಂಚೆ ಲಾಕ್ ಮುಟ್ಟುವ ಹಾಗಿದ್ದರೆ ಒಂದು ಕಿ.ಮೀ. ಹಿಂದೆಯೇ ನೆರಳು ನೋಡಿ ನಿಲ್ಲಿಸಿ. ಮುಚ್ಚಿದ ಗೇಟಿನ ಮುಂದೆ ಸಾಮಾನ್ಯವಾಗಿ ಮರವೂ ಇರುವುದಿಲ್ಲ, ಗಾಳಿಯೂ ಇರುವುದಿಲ್ಲ. 21.5 ಮೀಟರ್ ಎತ್ತರವನ್ನು ಹತ್ತಿಸಿ ಇಳಿಸುವ ಫೋನ್ಸೆರಾನ್‌ನ ಮೆಟ್ಟಿಲು ಲಾಕ್‌ಗಳಲ್ಲಿ ಹತ್ತುವವರಿಗೊಂದು ಹೊತ್ತು, ಇಳಿಯುವವರಿಗೊಂದು ಹೊತ್ತು. ಅದು ತಪ್ಪಿದರೆ ಅರ್ಧ ದಿನ ಹೋದಂತೆ.

ನೆರಳು ಎಲ್ಲಿ?

ಫೋಟೋಗಳಲ್ಲಿ ಕಾಣುವ ಪ್ಲೇನ್ ಎಂಬ ಜಾತಿಯ ಮರಗಳ ಹಸಿರು ಚಪ್ಪರ ಈಗ ಎಲ್ಲ ಕಡೆ ಇಲ್ಲ. ಸುಮಾರು 42,000 ಮರಗಳಿದ್ದ ಈ ಕಾಲುವೆಯಲ್ಲಿ 2006ರಲ್ಲಿ ಶಿಲೀಂಧ್ರದ ರೋಗ ಪತ್ತೆಯಾಯಿತು. ಆಮೇಲೆ ಸಾವಿರಾರು ಮರಗಳನ್ನು ಕಡಿದು ಸುಟ್ಟರು, ಅವುಗಳ ಜಾಗದಲ್ಲಿ ನೆಟ್ಟ ಸಸಿಗಳು ಇನ್ನೂ ನೆರಳು ಕೊಡುವಷ್ಟು ಬೆಳೆದಿಲ್ಲ. ಹಾಗಾಗಿ ಹಿಂದಿನ ಸಂಜೆಯೇ ಉಪಗ್ರಹ ನಕ್ಷೆ ತೆರೆದು ಎಲ್ಲಿ ಮರವಿದೆ ಎಂದು ಗುರುತು ಹಾಕಿಕೊಳ್ಳಿ. ಗಾಯವಾದ ತೊಗಟೆಯ ಮೂಲಕ ರೋಗ ಹರಡುತ್ತದೆ, ಆದ್ದರಿಂದ ಮರಕ್ಕೆ ಹಗ್ಗ ಕಟ್ಟುವುದು ನಿಷಿದ್ಧ. ಬೋಟಿನಲ್ಲೇ ಎರಡು ಕಬ್ಬಿಣದ ಗೂಟ, ಒಂದು ಸುತ್ತಿಗೆ ಕೊಟ್ಟಿರುತ್ತಾರೆ. ಬೇಸಿಗೆಯಲ್ಲಿ ದಂಡೆಯ ಮಣ್ಣು ಕಲ್ಲಾಗಿರುತ್ತದೆ. ಗೂಟದ ತಲೆ ನೀರಿನಿಂದ ಆಚೆಗೆ ವಾಲುವಂತೆ ಓರೆಯಾಗಿ, ಮೂರರಲ್ಲಿ ಎರಡು ಪಾಲು ಒಳಗೆ ಹೋಗುವ ತನಕ ಹೊಡೆಯಿರಿ. ಕಾಲುವೆಯ ಪಕ್ಕದ ಹಾದಿಯಲ್ಲಿ ಸೈಕಲ್ ಓಡಾಡುತ್ತವೆ, ಹಗ್ಗ ಹಾದಿಗೆ ಅಡ್ಡ ಬರದಿರಲಿ.

ಯಾವ ದಂಡೆಗೆ ಕಟ್ಟಬೇಕು ಎನ್ನುವುದೇ ಮುಖ್ಯ. ಫೋನಿನ ದಿಕ್ಸೂಚಿ ತೆರೆದು, ಮರಗಳು ಬೋಟಿನ ನೈಋತ್ಯಕ್ಕೂ ಪಶ್ಚಿಮಕ್ಕೂ ಬರುವ ದಂಡೆ ಹಿಡಿಯಿರಿ. ಹನ್ನೆರಡಕ್ಕೆ ತಂಪಾಗಿ ಕಾಣುವ ಪೂರ್ವದ ದಂಡೆ ನಾಲ್ಕಕ್ಕೆ ಬಟಾಬಯಲು. ಹೊಸಬರು ಪದೇ ಪದೇ ಸಿಕ್ಕಿಬೀಳುವುದು ಇಲ್ಲೇ.

ಡೆಕ್ ಮೇಲಿನ ಕೊಡೆಯನ್ನಾಗಲಿ ಬಟ್ಟೆಯ ಚಪ್ಪರವನ್ನಾಗಲಿ ಪ್ರತಿ ಸೇತುವೆಗೆ ಮುಂಚೆ ಮಡಚಲೇಬೇಕು. ಕಮಾನು ಸೇತುವೆಗಳಲ್ಲಿ ಎತ್ತರ ಇರುವುದು ನಡುವೆ ಮಾತ್ರ, ಅಂಚಿಗೆ ಹೋದಷ್ಟೂ ತಗ್ಗು. ಕಾಪೆಸ್ತಾಂನ ಸೇತುವೆಯಂತೂ ತಗ್ಗಿಗೇ ಹೆಸರಾದದ್ದು. ಅಲ್ಲಿ ಎಲ್ಲರೂ ಕೂತು, ಕೈ ಒಳಗಿಟ್ಟುಕೊಂಡು ದಾಟಬೇಕು.

ಎಂಜಿನ್ ಕಾದರೆ

ಬೇಸಿಗೆಯಲ್ಲಿ ಬೋಟು ಕೈಕೊಡುವುದು ಹೆಚ್ಚಾಗಿ ಕಾಲುವೆಯ ಕಳೆಯಿಂದ. ಡೀಸೆಲ್ ಎಂಜಿನ್ನನ್ನು ತಂಪು ಮಾಡಲು ಕಾಲುವೆಯ ನೀರನ್ನೇ ಪಂಪು ಎಳೆದುಕೊಂಡು, ಹೊಗೆಯ ಕೊಳವೆಯ ಮೂಲಕ ಹೊರಗೆ ಉಗುಳುತ್ತದೆ. ಎಲೆ, ಕಳೆ ಬಂದು ಜಾಲರಿಗೆ ಕಟ್ಟಿಕೊಂಡರೆ ನೀರು ಬರುವುದಿಲ್ಲ, ಎಂಜಿನ್ ಕಾಯುತ್ತದೆ. ಬೋಟು ಒಪ್ಪಿಸುವಾಗಲೇ ಆ ಫಿಲ್ಟರ್ ಎಲ್ಲಿದೆ ಎಂದು ತೋರಿಸಲು ಹೇಳಿ. ಬಾಡಿಗೆ ಬೋಟಿಗೆ ಲೈಸೆನ್ಸ್ ಬೇಡ, ಅರ್ಧ ಗಂಟೆಯ ಪಾಠದಲ್ಲಿ ಕೈಗೆ ಚುಕ್ಕಾಣಿ ಕೊಡುತ್ತಾರೆ. ಅವಸರದಲ್ಲಿ ಈ ಡಬ್ಬಿಯನ್ನು ತೋರಿಸದೇ ಬಿಡುವವರೂ ಇದ್ದಾರೆ.

ದಿನಾ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಹೀಗೆ ಮಾಡಿ:

1. ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ.
2. ನೀರು ಒಳಬರುವ ಕವಾಟದ ಹಿಡಿಯನ್ನು ಕಾಲು ಸುತ್ತು ತಿರುಗಿಸಿ. ಹಿಡಿ ಪೈಪಿಗೆ ಅಡ್ಡವಾಗಿ ನಿಂತರೆ ಮುಚ್ಚಿದೆ ಎಂದರ್ಥ.
3. ಫಿಲ್ಟರ್‌ನ ಮುಚ್ಚಳ ಬಿಚ್ಚಿ, ಜಾಲರಿ ಎತ್ತಿ, ಕಸ ತೆಗೆದು ತೊಳೆಯಿರಿ.
4. ಡಬ್ಬಿಗೆ ನೀರು ತುಂಬಿ, ರಬ್ಬರ್ ಬಳೆ ಸರಿಯಾಗಿ ಕೂತಿದೆಯೇ ನೋಡಿ ಮುಚ್ಚಳ ಬಿಗಿಮಾಡಿ. ಬಳೆ ಸರಿಯಿಲ್ಲದಿದ್ದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ.
5. ಕವಾಟವನ್ನು ಮತ್ತೆ ತೆರೆಯಿರಿ. ಜನ ಮರೆಯುವುದು ಇದನ್ನೇ. ಒಣಗಿ ತಿರುಗಿದ ಪಂಪಿನ ರಬ್ಬರ್ ಚಕ್ರ ಬಹಳ ಬೇಗ ಸುಟ್ಟುಹೋಗುತ್ತದೆ.
6. ಎಂಜಿನ್ ಶುರುಮಾಡಿ, ಹಿಂದೆ ಬಗ್ಗಿ ನೋಡಿ. ಹೊಗೆಯ ಜೊತೆ ನೀರು ಚಿಮ್ಮುತ್ತಿರಬೇಕು.

ದಾರಿಯಲ್ಲಿ ಅಲಾರಾಂ ಬಡಿದರೆ ದಡಕ್ಕೆ ತಂದು ಎಂಜಿನ್ ನಿಲ್ಲಿಸಿ, ಇದೇ ಕೆಲಸ ಮಾಡಿ. ಎಂಜಿನ್ ಒಳಗಿನ ತಂಪುದ್ರವದ (ಕೂಲೆಂಟ್) ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ಮುಟ್ಟಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಹಾರುತ್ತದೆ. ಬೋಟು ಭಾರವಾಗಿ ಎಳೆಯುತ್ತಿದೆ, ನಡುಗುತ್ತಿದೆ ಎನಿಸಿದರೆ ಪ್ರೊಪೆಲ್ಲರ್‌ಗೆ ಕಳೆ ಸುತ್ತಿರಬಹುದು. ಕ್ಷಣಹೊತ್ತು ಹಿಂದಕ್ಕೆ ಓಡಿಸಿದರೆ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಗಾಳಿ ಬೀಸಲಿ ಎಂದು ವೇಗ ಹೆಚ್ಚಿಸಿ ಫಲವಿಲ್ಲ: ಹಿಂಭಾಗ ಕುಸಿಯುತ್ತದೆ, ಅಲೆ ದಂಡೆಯನ್ನು ಕೊರೆಯುತ್ತದೆ, ಎಂಜಿನ್ ಇನ್ನಷ್ಟು ಕಾಯುತ್ತದೆ.

ಲಾಕ್‌ನ ತೊಟ್ಟಿಯೊಳಗೆ

ಇಡೀ ದಿನದ ಅತಿ ಸೆಕೆಯ ಜಾಗ ಇದು. ಹವಾಯಿ ಚಪ್ಪಲಿ ಬೇಡ, ಬರಿಗಾಲಂತೂ ಬೇಡವೇ ಬೇಡ. ಕಾದ ಡೆಕ್‌ನಿಂದ ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಡುವುದಕ್ಕೆ ಹಿಡಿತದ ಶೂ ಬೇಕು. ಹಗ್ಗ ಸುತ್ತುವ ಕಬ್ಬಿಣದ ಗೂಟವೂ ಸುಡುತ್ತದೆ, ಕೈಗವಸು ಹಾಕಿ. ಸೆಕೆಯೆಂದು ಮಕ್ಕಳ ಲೈಫ್ ಜಾಕೆಟ್ ಬಿಚ್ಚುವುದಿದ್ದರೆ ಬೋಟು ದಡಕ್ಕೆ ಕಟ್ಟಿದ ಮೇಲೆ ಬಿಚ್ಚಿ. ಇಳಿಯುವಾಗ ಹಗ್ಗವನ್ನು ಗಂಟು ಹಾಕಲೇಬಾರದು. ಗೂಟಕ್ಕೆ ಬಳಸಿ ತುದಿಯನ್ನು ಕೈಯಲ್ಲಿಟ್ಟುಕೊಂಡು, ನೀರು ಇಳಿದಂತೆ ಬಿಡುತ್ತಾ ಹೋಗಿ. ಹಗ್ಗ ಸಿಕ್ಕಿಕೊಂಡರೆ ಬೋಟು ನೇತಾಡುತ್ತದೆ, ಕೈಗೆ ಸಿಗುವಲ್ಲೊಂದು ಚಾಕು ಇರಲಿ.

ನೀರು, ಮಜ್ಜಿಗೆ, ಫ್ರಿಜ್

ಕುಡಿಯಲು ತಲೆಗೆ ದಿನಕ್ಕೆ ಮೂರು ಲೀಟರ್ ಇಟ್ಟುಕೊಳ್ಳಿ. ಸೂಪರ್ ಮಾರ್ಕೆಟ್‌ನಲ್ಲಿ 'ಲೆ ಫೆರ್ಮಾಂತೆ' ಅಥವಾ 'ಲೆ ರಿಬೋ' ಹೆಸರಿನ ಬಾಟಲಿ ಸಿಕ್ಕರೆ ಬಿಡಬೇಡಿ. ನೀರು, ಉಪ್ಪು, ಶುಂಠಿ ಸೇರಿಸಿದರೆ ನಮ್ಮ ಮಜ್ಜಿಗೆಯೇ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ಏನೂ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಟ್ಯಾಂಕ್ ತುಂಬಿಸುವಾಗ ಮುಚ್ಚಳದ ಮೇಲೆ ಏನು ಬರೆದಿದೆ ಎಂದು ಓದಿ: 'ಓ' (EAU) ಅಂದರೆ ನೀರು, 'ಗಾಜ್ವಾಲ್' (GASOIL) ಅಂದರೆ ಡೀಸೆಲ್. ಡೀಸೆಲ್ ಟ್ಯಾಂಕಿಗೆ ನೀರಿನ ಪೈಪು ಬಿಟ್ಟರೆ ಪ್ರವಾಸ ಅಲ್ಲಿಗೇ ನಿಂತಿತು.

ಫ್ರಿಜ್ ಓಡುವುದು 12 ವೋಲ್ಟ್ ಬ್ಯಾಟರಿಯಲ್ಲಿ. ಗಾಳಿಯಾಡುವ ಜಾಲರಿಗೆ ಬ್ಯಾಗು ಒತ್ತರಿಸಬೇಡಿ. ಕುದಿಯುವ ಸಾರು ಒಳಗಿಡಬೇಡಿ. ಮಧ್ಯಾಹ್ನವಿಡೀ ಎಂಜಿನ್ ಆಫ್ ಇದ್ದರೆ ಬ್ಯಾಟರಿ ಇಳಿಯುತ್ತದೆ, ರಾತ್ರಿಗೆ ಕರೆಂಟ್ ಇರುವ ಬಂದರು ನೋಡಿಕೊಳ್ಳಿ.

ಸೆಕೆ ತಾಳಲಾರದೆ ಕಾಲುವೆಗೆ ಧುಮುಕುವ ಆಸೆ ಎಲ್ಲರಿಗೂ ಬರುತ್ತದೆ. ಈಜು ನಿಷಿದ್ಧ. ಪ್ರೊಪೆಲ್ಲರ್‌ಗಳು, ಲಾಕ್‌ನ ತೂಬಿನ ಸೆಳೆತ, ಇಲಿಯ ಮೂತ್ರದಿಂದ ಬರುವ ಇಲಿಜ್ವರ, ಮೂರೂ ನಿಜವಾದ ಅಪಾಯಗಳೇ. ಬೋಟು ಕಟ್ಟಿದ ಮೇಲೆ ಬಕೆಟ್‌ನಲ್ಲಿ ನೀರೆತ್ತಿ ಡೆಕ್ ಮೇಲೆ ಸುರಿಯಿರಿ, ಕೆಳಗಿನ ಕೋಣೆಗಳ ಸೆಕೆ ಇಳಿಯುತ್ತದೆ. ಓಡುವ ಬೋಟಿನಿಂದ ಬಕೆಟ್ ಬಿಟ್ಟರೆ ಅದು ಆಳನ್ನೇ ಎಳೆದುಕೊಳ್ಳುತ್ತದೆ.

ಯಾರಾದರೂ ಬಿಸಿಲಿಗೆ ಮಂಕಾಗಿ ತಡವರಿಸಿ ಮಾತಾಡಿದರೆ, ಮೈ ಸುಡುತ್ತಿದ್ದರೆ, ನೆರಳಿಗೆ ತಂದು ಬಟ್ಟೆ ಒದ್ದೆ ಮಾಡಿ ಗಾಳಿ ಹಾಕುತ್ತಾ 112ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವುದು ರಸ್ತೆಯಿಂದ, ಕಾಲುವೆಗೆ ಮನೆ ನಂಬರ್ ಇರುವುದಿಲ್ಲ. ಆದ್ದರಿಂದ ಪ್ರತಿ ಸೇತುವೆ, ಪ್ರತಿ ಲಾಕ್ ದಾಟಿದಾಗ ಅದರ ಹೆಸರನ್ನು ಚುಕ್ಕಾಣಿಯ ಪಕ್ಕದ ಚೀಟಿಯಲ್ಲಿ ಬರೆಯುತ್ತಾ ಹೋಗಿ, ಫೋನಿನಲ್ಲಿ ಓದಿ ಹೇಳಬೇಕಾದದ್ದು ಅದನ್ನೇ.