ಐಸಿಂಗ್‌ನಲ್ಲಿ ಎಟಿಆರ್ ಕ್ರೂಸ್: ಎತ್ತರ ಬಿಟ್ಟು ವೇಗ ಉಳಿಸಿದ ಲೆಕ್ಕ

ಮಳೆಗಾಲದ ಲೈವ್ ವೆದರ್‌ನಲ್ಲಿ ಮಂಗಳೂರು–ಬೆಂಗಳೂರು ಎಟಿಆರ್ 72-600ಕ್ಕೆ (ಎರಡು ಪ್ರೊಪೆಲ್ಲರಿನ ಪ್ರಯಾಣಿಕ ವಿಮಾನ) ಕ್ರೂಸ್ ಎತ್ತರ 190 (19,000 ಅಡಿ) ಬೇಡ, 150 (15,000 ಅಡಿ) ಸಾಕು ಎಂದಾಗ ಕಾಸರಗೋಡು, ಕುಂಬಳೆ ಕಡೆಯ ನಮ್ಮ ಫ್ಲೈಟ್ ಸಿಮ್ಯುಲೇಟರ್ ಬಳಗದಲ್ಲಿ ಒಪ್ಪಿದವರಿಲ್ಲ. ಕೆಳಗೆ ಹಾರಿದರೆ ಫ್ಯೂಯೆಲ್ ಸುಡುತ್ತದೆ, ಐಸ್ ಬಂದರೆ ಉಬ್ಬಿ ಅದನ್ನು ಒಡೆಯುವ ರೆಕ್ಕೆಯಂಚಿನ ರಬ್ಬರ್ ಬೂಟ್ ಇದೆಯಲ್ಲ ಎಂಬ ವಾದ. ಈಗ ಅವರಲ್ಲಿ ಹೆಚ್ಚಿನವರ ಪ್ಲಾನ್‌ನಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವಾಗ 150, ಬರುವಾಗ 140.

ನಮ್ಮ ಕಡೆ ಮಳೆಗಾಲದಲ್ಲಿ ಸೊನ್ನೆ ಡಿಗ್ರಿ ಸಿಗುವುದು 16,000 ಅಡಿಯ ಆಸುಪಾಸಿನಲ್ಲಿ. 190ರಲ್ಲಿ ಹೊರಗಿನ ಗಾಳಿಯ ನಿಜ ಉಷ್ಣತೆ, ಅಂದರೆ ಎಸ್‌ಎಟಿ, ಮೈನಸ್ 5 ಅಂದುಕೊಳ್ಳಿ. ಗಾಳಿಯಲ್ಲಿನ ನಿಜವೇಗ ಟಿಎಎಸ್ 270 ನಾಟ್ ಇದ್ದರೆ ವೇಗದಿಂದ ಗಾಳಿ ಒತ್ತಿ ಬಿಸಿಯಾಗುವ ರ‍್ಯಾಮ್ ರೈಸ್ ಒಂಬತ್ತು-ಹತ್ತು ಡಿಗ್ರಿ, ಎರಡೂ ಕೂಡಿದ ಟಿಎಟಿ ಪ್ಲಸ್ 4-5. ಮೋಡದೊಳಗೆ ಟಿಎಟಿ 7ಕ್ಕಿಂತ ಕೆಳಗಿದ್ದರೆ ಎಟಿಆರ್ ಲೆಕ್ಕದಲ್ಲಿ ಅದು ಐಸಿಂಗ್ ಕಂಡಿಷನ್. 150ರಲ್ಲಿ ಟಿಎಟಿ 11-12, ಪ್ರಶ್ನೆಯೇ ಏಳುವುದಿಲ್ಲ. ಘಟ್ಟದ ಭಯವೂ ಬೇಡ, ಕುದುರೆಮುಖವೇ 1,894 ಮೀಟರ್, ಅಂದರೆ 6,200 ಅಡಿ ಚಿಲ್ಲರೆ.

ಫ್ಯೂಯೆಲ್ ವಿಷಯ. ಈ ದಾರಿಯಲ್ಲಿ ಸಮತಟ್ಟಾದ ಕ್ರೂಸ್ ಸಿಗುವುದೇ ಇಪ್ಪತ್ತು ನಿಮಿಷ. 150ರಲ್ಲಿ ಗಂಟೆಗೆ ನೂರು ಕೆಜಿ ಹೆಚ್ಚು ಕುಡಿದರೂ ಇಪ್ಪತ್ತು ನಿಮಿಷಕ್ಕೆ ಮೂವತ್ತು ಚಿಲ್ಲರೆ. ಅದರಲ್ಲಿ ಮೇಲಿನ 4,000 ಅಡಿ ಹತ್ತಲು ಬೇಕಾಗಿದ್ದದ್ದನ್ನು ಕಳೆಯಿರಿ. ಉಳಿಯುವ ವ್ಯತ್ಯಾಸ ಹತ್ತು-ಹದಿನೈದು ಕೆಜಿ. 190ರಲ್ಲಿ ಐಸ್ ಕೂತು ಇಪ್ಪತ್ತು ನಾಟ್ ಬಿದ್ದರೆ ಆ ಉಳಿತಾಯವೂ ಇಲ್ಲ, ಸಮಯವೂ ಇಲ್ಲ.

190ರಲ್ಲೇ ಉಳಿದು ಗೆಲ್ಲುವ ದಾರಿಗಳನ್ನೂ ಪೂರ್ತಿ ನೋಡಿದ್ದೇನೆ. ಟಾರ್ಕ್ (ಎಂಜಿನ್ ಪ್ರೊಪೆಲ್ಲರ್ ತಿರುಗಿಸುವ ಬಲ) ಏರಿಸುವುದು ಕೆಲಸ ಮಾಡುವುದಿಲ್ಲ: ಪವರ್ ಲಿವರ್ ಆಗಲೇ ನಾಚ್‌ನಲ್ಲಿದೆ (ಮಾಮೂಲು ಪವರ್‌ನ ನಿಗದಿತ ಗುರುತು). ಎಂಸಿಟಿ (ಗರಿಷ್ಠ ನಿರಂತರ ಪವರ್) ಹಾಕಿದರೆ ಎನ್‌ಪಿ (ಪ್ರೊಪೆಲ್ಲರ್ ತಿರುಗುವ ವೇಗ) ಶೇಕಡಾ 82ರಿಂದ 100ಕ್ಕೆ ಹೋಗುತ್ತದೆ, ಕೆಲವು ನಾಟ್ ಬರುತ್ತದೆ, ಆದರೆ ಅದು ತಪ್ಪಿಸಿಕೊಂಡು ಹೊರಬರಲು ಇರುವ ಪವರ್, ಕ್ರೂಸ್ ಮಾಡಲು ಅಲ್ಲ. ಐಸ್ ದಪ್ಪವಾಗಲಿ, ಆಮೇಲೆ ಬೂಟ್ ಹಾಕೋಣ ಎಂಬ ಹಳೆಯ ನಂಬಿಕೆ ಇನ್ನೂ ಕೆಟ್ಟದ್ದು. ಮೊದಲ ಐಸ್ ಕಂಡ ಕೂಡಲೇ ಏರ್‌ಫ್ರೇಮ್ ಡಿ-ಐಸ್ ಆನ್. ಎಸ್‌ಎಟಿ ಮೈನಸ್ 20ಕ್ಕಿಂತ ಮೇಲಿದ್ದರೆ 60 ಸೆಕೆಂಡಿನ ಫಾಸ್ಟ್ ಸೈಕಲ್, ಕೆಳಗಿದ್ದರೆ 240ರ ಸ್ಲೋ. ಇನ್ನು ಏರುವ ದರ ಹಿಡಿದಿಡುವ ವಿಎಸ್ ಮೋಡ್‌ನಲ್ಲಿ ಮೇಲೆ ಹತ್ತಿ ತಪ್ಪಿಸಿಕೊಳ್ಳುವುದು: ಆಟೊಪೈಲಟ್ ಕೇಳಿದ ದರ ಕೊಡಲು ಮೂಗು ಎತ್ತುತ್ತದೆ, ವೇಗ ಕರಗುತ್ತದೆ, ಆಂಗಲ್ ಆಫ್ ಅಟ್ಯಾಕ್ (ಎದುರಿನ ಗಾಳಿಗೆ ರೆಕ್ಕೆಯ ಕೋನ) ಹೆಚ್ಚಿ ಬೂಟ್ ತಲುಪದ ರೆಕ್ಕೆಯ ಅಡಿಭಾಗದಲ್ಲೂ ಐಸ್ ಕೂರುತ್ತದೆ, ವೇಗ ಮತ್ತೂ ಇಳಿಯುತ್ತದೆ. ಆಲ್ಟಿಟ್ಯೂಡ್ ಹೋಲ್ಡ್‌ನಲ್ಲೂ ಇದೇ ಸುತ್ತು. 2002ರ ಡಿಸೆಂಬರ್‌ನಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ ಕಾರ್ಗೊ ವಿಮಾನ ತೈವಾನ್ ಬಳಿ ಬಿದ್ದದ್ದೂ 180ರಲ್ಲಿ ಕ್ರೂಸ್ ಮಾಡುತ್ತಾ ತೀವ್ರ ಐಸಿಂಗ್‌ನಲ್ಲಿ ವೇಗ ಕಳೆದುಕೊಂಡೇ.

ಐಸ್ ಇರುವಲ್ಲಿ ಹತ್ತಲೇಬೇಕಾದರೆ ವೇಗ ಹಿಡಿದಿಡುವ ಐಎಎಸ್ ಮೋಡ್, ಐಸಿಂಗ್ ಬಗ್‌ಗಿಂತ (ಐಸ್‌ನಲ್ಲಿ ಕನಿಷ್ಠ ವೇಗದ ಗುರುತು) ಕನಿಷ್ಠ ಹತ್ತು ನಾಟ್ ಮೇಲೆ. 21 ಟನ್‌ನಲ್ಲಿ ಬಗ್ ಸುಮಾರು 165ಕ್ಕೆ ಬರುತ್ತದೆ, ನಿಮ್ಮ ಕಾರ್ಡ್ ನೋಡಿಕೊಳ್ಳಿ. ಏರುವ ದರ ನಿಮಿಷಕ್ಕೆ 300 ಅಡಿಗಿಂತ ಕಡಿಮೆಯಾದರೆ ಆ ಲೆವೆಲ್ ನಿಮಗಲ್ಲ.

ಕ್ರೂಸ್‌ಗೆ ಬಂದ ಮೇಲೆ ಮೋಡ ಸೇರುವ ಮೊದಲೇ ಕ್ಲೀನ್ ವೇಗ (ಐಸ್ ಇಲ್ಲದಾಗಿನ ವೇಗ) ಬರೆದಿಟ್ಟುಕೊಳ್ಳಿ. ಹತ್ತು ನಾಟ್ ಬಿದ್ದರೆ 'ಕ್ರೂಸ್ ಸ್ಪೀಡ್ ಲೋ' ಎಚ್ಚರಿಕೆ ಬರುವುದನ್ನು ಕಾಯದೆ ಇಳಿಯಲು ಶುರು. ಇನ್ನೊಂದು ಸೂಚನೆ ಟಿಎಟಿಯಲ್ಲಿದೆ: ಎಸ್‌ಎಟಿ ಕದಲದೆ ಟಿಎಟಿ ಮಾತ್ರ ಒಂದು ಡಿಗ್ರಿ ಇಳಿಯಿತೆಂದರೆ ರ‍್ಯಾಮ್ ರೈಸ್ ಕಡಿಮೆಯಾಗಿದೆ, ಅಂದರೆ ವೇಗ ಹೋಗುತ್ತಿದೆ. ಮೋಡಕ್ಕೆ ಎಷ್ಟು ಮೊದಲು ಪ್ರೊಪೆಲ್ಲರ್ ಮತ್ತು ಹಾರ್ನ್ (ನಿಯಂತ್ರಣ ಫಲಕಗಳ ತುದಿ) ಆಂಟಿ-ಐಸ್ ಹಾಕುತ್ತೇನೆ ಎಂಬುದು ನನ್ನಲ್ಲೇ ಇರಲಿ, ಸ್ವಲ್ಪ ಪ್ರಯತ್ನಿಸಿದರೆ ನಿಮಗೂ ಸಿಗುತ್ತದೆ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ (ಎಂಎಸ್‌ಎಫ್‌ಎಸ್) ಹಾರುವವರು ಅಸಿಸ್ಟೆನ್ಸ್ ಸೆಟ್ಟಿಂಗ್‌ನಲ್ಲಿ ಐಸಿಂಗ್ ಎಫೆಕ್ಟ್ 'ವಿಶುವಲ್ ಓನ್ಲಿ' ಆಗಿಲ್ಲವೇ ನೋಡಿ. ಗಾಜಿನ ಮೇಲೆ ಐಸ್ ಕಂಡರೂ ವೇಗ ಬೀಳುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರದ್ದು ಇದೇ.

ದುಡ್ಡು ಹೋದದ್ದು ಹಾರ್ಡ್‌ವೇರ್‌ಗೆ. ರೆಡಿಮೇಡ್ ಥ್ರಾಟಲ್ ಕ್ವಾಡ್ರಂಟ್ (ಪವರ್ ಲಿವರ್‌ಗಳ ಪೆಟ್ಟಿಗೆ) ಒಳ್ಳೆಯದಾದರೆ ಇಪ್ಪತ್ತೈದು-ಮೂವತ್ತು ಸಾವಿರ. ನನ್ನದು ಆರ್ಡುಯಿನೊ ಪ್ರೊ ಮೈಕ್ರೊ ಎಂಬ ಸಣ್ಣ ಕಂಟ್ರೋಲರ್ ಬೋರ್ಡ್‌ನಿಂದ ಮಾಡಿದ್ದು, ಸುಮಾರು ಆರುನೂರು ರೂಪಾಯಿ, ಅದನ್ನು ಸಿಮ್ಯುಲೇಟರ್‌ಗೆ ಜೋಡಿಸುವ ಮೊಬಿಫ್ಲೈಟ್ ಸಾಫ್ಟ್‌ವೇರ್ ಉಚಿತ. ನಲವತ್ತು ರೂಪಾಯಿಯ 10 ಕೆ ಪಾಟ್ (ಲಿವರ್‌ನ ಸ್ಥಾನ ಅಳೆಯುವ ಪೊಟೆನ್ಶಿಯೋಮೀಟರ್) ಮಾತ್ರ ಹಾಕಬೇಡಿ ಮಾರಾಯ್ರೆ. ನಮ್ಮ ಕರಾವಳಿಯ ತೇವಕ್ಕೆ ಅದರ ಕಾರ್ಬನ್ ಟ್ರ್ಯಾಕ್ ಹಾಳಾಗಿ ಲಿವರ್ ನಾಚ್‌ನಲ್ಲಿ ನಿಲ್ಲದೆ ನಡುಗುತ್ತದೆ, ಟಾರ್ಕ್ ಏರಿಳಿಯುತ್ತದೆ, ವೇಗ ಬಿದ್ದದ್ದು ಐಸ್‌ನಿಂದಲೋ ಲಿವರ್‌ನಿಂದಲೋ ಗೊತ್ತಾಗುವುದಿಲ್ಲ. ಅದರ ಬದಲು ಮುಟ್ಟದೆಯೇ ಸ್ಥಾನ ಅಳೆಯುವ 49ಇ ಹಾಲ್ ಸೆನ್ಸರ್, ಒಂದು ಸಣ್ಣ ಮ್ಯಾಗ್ನೆಟ್, ಎರಡೂ ಸೇರಿ ನೂರು ರೂಪಾಯಿ ಒಳಗೆ. ಯುಪಿಎಸ್‌ಗೆ ರೂಟರನ್ನೂ ಸೇರಿಸಿ: ಕರೆಂಟು ಹೋಗಿ ನೆಟ್ ಕಡಿದರೆ ಲೈವ್ ವೆದರ್ ಕೈಕೊಡುತ್ತದೆ, ಬರೆದಿಟ್ಟ ಅಂಕಿಗಳೆಲ್ಲ ವ್ಯರ್ಥ.

ಇದರ ನಡುವೆ ಒಂದೇ ಎಂಜಿನಿನ ಸೆಸ್ನಾ ಕ್ಯಾರವಾನ್ ಮೇಲೂ ಪ್ರಯೋಗ ಮಾಡಿದೆ. ಎಂಜಿನ್‌ಗೆ ಐಸ್ ಹೋಗದಂತೆ ತಡೆಯುವ ಇನರ್ಷಿಯಲ್ ಸೆಪರೇಟರ್ ಬೈಪಾಸ್‌ಗೆ ಎಳೆದ ಕೂಡಲೇ ಟಾರ್ಕ್ ಇಳಿಯುತ್ತದೆ. ಹಳೆಯ ಟಾರ್ಕ್ ವಾಪಸ್ ತರಲು ಹೋದರೆ ಐಟಿಟಿ (ಟರ್ಬೈನ್ ಒಳಗಿನ ಉಷ್ಣತೆ) 740 ಡಿಗ್ರಿ ದಾಟಬಹುದು, ಆದ್ದರಿಂದ ಐಟಿಟಿ ನೋಡಿ ಪವರ್ ಇಡಬೇಕು. ಐಸ್‌ನಲ್ಲಿ ಕನಿಷ್ಠ 120 ನಾಟ್. ಪವರ್ ಮೊದಲೇ ಕಡಿಮೆಯಿರುವುದರಿಂದ ಇಳಿಯುವ ನಿರ್ಧಾರ ಎಟಿಆರ್‌ಗಿಂತ ಬೇಗ ಆಗಬೇಕು.

ಈ 150ರ ಲೆಕ್ಕವನ್ನು ಚಳಿಗಾಲದ ನಾರ್ವೆಗೆ ಒಯ್ಯಬೇಡಿ. ಅಲ್ಲಿ ಸೊನ್ನೆ ಡಿಗ್ರಿ ನೆಲದಲ್ಲೇ ಇರಬಹುದು, ಗಾಲ್‌ಹೊಪಿಗ್ಗೆನ್ ಶಿಖರ 2,469 ಮೀಟರ್, ಕೆಳಗೆ ಬಿಸಿಗಾಳಿಯೂ ಇಲ್ಲ, ಜಾಗವೂ ಇಲ್ಲ. ಅಲ್ಲಿ ನಾನು ಹಗುರ ಭಾರದಲ್ಲಿ ಹೊರಟು, ಐಎಎಸ್ ಮೋಡ್‌ನಲ್ಲಿ ಮೈನಸ್ 20ಕ್ಕಿಂತ ತಣ್ಣಗಿನ ಲೆವೆಲ್‌ಗೋ ಮೋಡದ ಮೇಲಕ್ಕೋ ಒಂದೇ ಉಸಿರಿಗೆ ಹತ್ತುತ್ತೇನೆ, ನಡುವೆ ಎಲ್ಲೂ ಲೆವೆಲ್ ಆಫ್ ಮಾಡುವುದಿಲ್ಲ. ಅಷ್ಟು ಚಳಿಯಲ್ಲಿ ಹೆಪ್ಪುಗಟ್ಟದ ನೀರಹನಿ ಕಡಿಮೆ, ಕೂತ ಐಸನ್ನು ಸ್ಲೋ ಸೈಕಲ್ಲೇ ಕಳಚುತ್ತದೆ.