ಹೊಂಗೆ ತರಗೇ ನನ್ನ ಹಿತ್ತಲಿಗೆ ಸರಿಹೋಯಿತು

ಮೈಸೂರಿನಲ್ಲಿ ನಮ್ಮ ಮನೆ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಹಿತ್ತಲಿದೆ. ಕೆಂಪು ಮಣ್ಣು. ಬೇಸಿಗೆಯಲ್ಲಿ ಬೆಳಿಗ್ಗೆ ನೀರು ಹಾಕಿದರೆ ಸಂಜೆಗೆ ಮಣ್ಣಿನ ಮೇಲೆ ಗಟ್ಟಿ ಪದರ ಕಟ್ಟುತ್ತಿತ್ತು. ಬದನೆ, ಮೆಣಸಿನ ಗಿಡಗಳು ಮಧ್ಯಾಹ್ನವೇ ತಲೆ ಬಾಗಿಸುತ್ತಿದ್ದವು. ಮಣ್ಣಿಗೆ ಏನಾದರೂ ಹೊದಿಸಲೇಬೇಕು ಅಂತ ಆಗ ತೀರ್ಮಾನ ಮಾಡಿದೆ.

ಮೊದಲು ತಂದದ್ದು ಮರದ ಹೊಟ್ಟು. ಪುಕ್ಕಟೆ ಸಿಕ್ಕಿತು, 3 ಚೀಲ. ಸುಮ್ನೆ ಮೇಲೆ ಹರಡಿದ್ದರೆ ಅಷ್ಟೇನೂ ತೊಂದರೆ ಆಗುತ್ತಿರಲಿಲ್ಲ. ಗಾಳಿಗೆ ಹಾರುತ್ತದಲ್ಲ ಅಂತ ಗುದ್ದಲಿಯಿಂದ ಮಣ್ಣಿಗೆ ಬೆರೆಸಿಬಿಟ್ಟೆ. ಸ್ವಲ್ಪ ದಿನಕ್ಕೇ ಮೆಣಸಿನ ಗಿಡಗಳ ಕೆಳಗಿನ ಎಲೆಗಳು ಹಳದಿಯಾದವು. ಹೊಟ್ಟಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡ ಉಪವಾಸ ಬೀಳುತ್ತದೆ. ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕಿ ಹಾಕಿ ಅರ್ಧ ಗಿಡಗಳನ್ನು ಉಳಿಸಿಕೊಂಡೆ.

ಆಮೇಲೆ ಭತ್ತದ ಹುಲ್ಲು. ನೋಡಲು ಎಷ್ಟು ಚೆನ್ನಾಗಿತ್ತು! ತೇವವನ್ನೂ ಹಿಡಿದಿಟ್ಟಿತು. ಆದರೆ ತೆನೆಯಲ್ಲಿ ಉಳಿದಿದ್ದ ಭತ್ತ ಮೊಳೆತು, ಅದನ್ನು ಕೀಳುವುದೇ ಒಂದು ಕೆಲಸವಾಯಿತು. ಮಳೆ ಹಿಡಿದ ಮೇಲೆ ಅದರಡಿ ಬಸವನಹುಳುಗಳು ಸೇರಿಕೊಂಡು ಎಳೆ ಬೀನ್ಸ್ ಸಸಿಗಳನ್ನು ರಾತ್ರೋರಾತ್ರಿ ಬೋಳಿಸಿದವು.

ಕೊನೆಗೆ ಕಣ್ಣಿಗೆ ಬಿದ್ದದ್ದು ಮನೆ ಮುಂದಿನ ಹೊಂಗೆ ಮರ. ಶಿವರಾತ್ರಿ ಆಸುಪಾಸಿನಲ್ಲಿ ಅದು ಎಲೆ ಉದುರಿಸುತ್ತದೆ. ಬೀದಿಯಲ್ಲಿ ಆ ಎಲೆಗಳನ್ನು ರಾಶಿ ಮಾಡಿ ಬೆಂಕಿ ಹಾಕುವುದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹೊಂಗೆ ಸೊಪ್ಪನ್ನು ಹಿಂದಿನವರು ಗೊಬ್ಬರವಾಗಿ ಗದ್ದೆಗೆ ತುಳಿಯುತ್ತಿದ್ದರು, ಅಂಥ ಸೊಪ್ಪು ಅದು! ಒಣಗಿ ಉದುರಿ ತರಗಾದ ಮೇಲೆ ಸತ್ವ ಸ್ವಲ್ಪ ಇಳಿದರೂ ಎಲೆ ತೆಳು, ಬೇಗ ಮಣ್ಣಾಗುತ್ತದೆ. ತೇಗದ ಎಲೆ ಹಾಗಲ್ಲ. ಅಗಲವಾಗಿ ತಟ್ಟೆಯಂತೆ ಕೂತು ಸಣ್ಣ ಮಳೆಯ ನೀರನ್ನು ಕೆಳಗೆ ಬಿಡುವುದೇ ಇಲ್ಲ, ಪುಡಿ ಮಾಡಿ ಹಾಕಬೇಕು. ನೀಲಗಿರಿ ಎಲೆಯನ್ನಂತೂ ತರಕಾರಿ ಮಡಿಗೆ ನಾನು ತರುವುದಿಲ್ಲ. ಅದರ ರಸ ಬೇರೆ ಗಿಡಗಳ ಬೀಜ ಮೊಳೆಯುವುದಕ್ಕೇ ಅಡ್ಡ ಬರುತ್ತದೆ.

ಹಾಕುವ ಮೊದಲು ಕಳೆ ಕಿತ್ತು, ಮಣ್ಣು ಚೆನ್ನಾಗಿ ನೆನೆಯುವಂತೆ ನೀರು ಬಿಡುತ್ತೇನೆ. ಒಣ ಮಣ್ಣಿನ ಮೇಲೆ ಹೊದಿಸಿದರೆ ಒಣಗಿದ್ದು ಒಣಗಿದ ಹಾಗೇ ಇರುತ್ತದೆ, ಅಲ್ವಾ? ಸಸಿ ಗೇಣುದ್ದ ಆದ ಮೇಲೆ 3 ಇಂಚು ದಪ್ಪ ತರಗು, ಕಾಂಡದ ಸುತ್ತ ಮೂರು ಬೆರಳಿನಷ್ಟು ಜಾಗ ಖಾಲಿ. ಕಾಂಡಕ್ಕೆ ಒತ್ತಿ ಹಾಕಿ ಎರಡು ಟೊಮೆಟೊ ಗಿಡಗಳ ಬುಡ ಕೊಳೆತದ್ದನ್ನು ನೋಡಿದ್ದೇನೆ. ಗಾಳಿಗೆ ಹಾರದಿರಲಿ ಅಂತ ಮೇಲೆ ಒಂದು ಹಿಡಿ ಕಾಂಪೋಸ್ಟ್ ಉದುರಿಸಿ ನೀರು ಚಿಮುಕಿಸುತ್ತೇನೆ. ಮಳೆಗಾಲದಲ್ಲಿ 1 ಇಂಚು ಸಾಕು, ದಪ್ಪವಾದರೆ ಮತ್ತೆ ಬಸವನಹುಳು.

ನಿಂಬೆ ಗಿಡಕ್ಕೆ ಮಾತ್ರ ತೆಂಗಿನ ಸಿಪ್ಪೆ. ಉಬ್ಬಿದ ಬದಿ ಮೇಲೆ ಬರುವಂತೆ ಸುತ್ತ ಜೋಡಿಸಿದ್ದೇನೆ, ಆಗ ಬಟ್ಟಲಿನಂತೆ ನೀರು ನಿಂತು ಸೊಳ್ಳೆ ಹುಟ್ಟುವುದಿಲ್ಲ. ಸಿಪ್ಪೆ ಕೊಳೆಯುವುದು ನಿಧಾನ, ಹಾಗಾಗಿ ವರ್ಷಗಟ್ಟಲೆ ನಿಲ್ಲುವ ಗಿಡಕ್ಕೇ ಅದು ಸರಿ. ಗೆದ್ದಲು ಬಂದಿದೆಯಾ ಅಂತ ಆಗಾಗ ಎತ್ತಿ ನೋಡುತ್ತೇನೆ.

ಮೊನ್ನೆ ಬದನೆ ಗಿಡದ ಬುಡದ ತರಗನ್ನು ಬೆರಳಲ್ಲಿ ಸರಿಸಿದೆ. ಮೇಲಿನ ಎಲೆಗಳು ಗರಿಗರಿ. ಅದರ ಕೆಳಗೆ ನರ ಮಾತ್ರ ಉಳಿದ ಜಾಲರಿಯಂಥ ಎಲೆಗಳು, ಅವನ್ನು ಹೊಲಿದಂತೆ ಬೂಷ್ಟಿನ ಬಿಳಿ ಎಳೆಗಳು. ಇನ್ನೂ ಕೆಳಗೆ ಕಪ್ಪು ಪುಡಿ, ಅದರಲ್ಲಿ ಒಂದು ಎರೆಹುಳು ಮೆಲ್ಲಗೆ ಒಳಗೆ ಜಾರಿಕೊಂಡಿತು. ಮಣ್ಣು ಮುಟ್ಟಿದರೆ ತಣ್ಣಗಿತ್ತು, ನೀರು ಹಾಕಿ ಮೂರನೇ ದಿನವಾಗಿದ್ದರೂ. ಎಲೆಗಳನ್ನು ಮತ್ತೆ ಮುಚ್ಚಿ, ಆ ದಿನ ನೀರು ಹಾಕದೆ ಒಳಗೆ ಬಂದೆ.